‘ಎದೆ ಒತ್ತಿ’ ಅಂದರೆ ಸಾಕಾ? ಸಿಪಿಆರ್ ಹೇಳಿಕೊಡುವ ಮಾತುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಸಂಘದವರು ಸಿಪಿಆರ್, ಅಂದರೆ ಹೃದಯ ನಿಂತವರ ಎದೆ ಒತ್ತಿ ಜೀವ ಉಳಿಸಲು ನೋಡುವ ಪ್ರಥಮ ಚಿಕಿತ್ಸೆಯ ತರಬೇತಿ ಇಟ್ಟುಕೊಂಡಿದ್ದಾರೆ. ಕಲಿಯಲು ಬರುವವರಲ್ಲಿ ಸೆಕ್ಯುರಿಟಿಯವರು, ಆಟೊ ಓಡಿಸುವವರು, ಮನೆಕೆಲಸದವರು, ರಿಟೈರ್ ಆದ ಮೇಷ್ಟ್ರುಗಳು ಎಲ್ಲರೂ ಇದ್ದಾರೆ. ಅವರ ಕೈಗೆ ಕೊಡಲು ಒಂದು ಪುಟದ ಕನ್ನಡ ಹಾಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಕಂಪ್ರೆಶನ್’, ಅಂದರೆ ಎದೆ ಒತ್ತುವುದು. ಪಠ್ಯಪುಸ್ತಕದ ‘ಸಂಪೀಡನ’ ಇದೆ. ಅದನ್ನು ಓದಿ ಯಾರ ಕೈಯೂ ಮುಂದೆ ಬರುವುದಿಲ್ಲ, ಬಿಟ್ಟೆ. ‘ಒತ್ತು’ ಒಳ್ಳೆಯ ಪದವೇ. ಆದರೆ ನಾವು ಅಜ್ಜಿಯ ಕಾಲನ್ನೂ ಒತ್ತುತ್ತೇವೆ, ಕಾಲಿಂಗ್ ಬೆಲ್ಲನ್ನೂ ಒತ್ತುತ್ತೇವೆ. ಇಲ್ಲಿ ಬೇಕಾದ ಬಲವೇ ಬೇರೆ. ದೊಡ್ಡವರ ಎದೆ ನಡುವಿನ ಮೂಳೆ ಕನಿಷ್ಠ 5 ಸೆಂ.ಮೀ. ಕೆಳಗಿಳಿಯಬೇಕು, 6 ದಾಟಬಾರದು. ಮೊಣಕೈ ಮಡಚದೆ, ಮೈಭಾರ ಹಾಕಿ, ನಿಮಿಷಕ್ಕೆ 100ರಿಂದ 120 ಸಲ.

ಹಾಗಾದರೆ ‘ಅದುಮಿ’ ಅನ್ನೋಣವಾ? ಬಲವೇನೋ ಬಂತು. ಆದರೆ ‘ಸಿಟ್ಟು ಅದುಮಿಟ್ಟುಕೊಂಡ’ ಅಂತೀವಲ್ಲ, ಅದುಮಿದ್ದನ್ನು ಹಾಗೇ ಹಿಡಿದಿಡುವ ಅರ್ಥ ಅದರಲ್ಲಿದೆ. ಸಿಪಿಆರ್‌ನಲ್ಲಿ ಬಿಡುವುದೂ ಒತ್ತುವಷ್ಟೇ ಮುಖ್ಯ. ಪ್ರತಿ ಸಲವೂ ಎದೆ ಪೂರ್ತಿ ಮೇಲೆದ್ದರೆ ತಾನೇ ಗುಂಡಿಗೆಗೆ ರಕ್ತ ಮತ್ತೆ ತುಂಬಿಕೊಳ್ಳುವುದು. ‘ಅಮುಕು’ವಿಗೂ ಇದೇ ತೊಂದರೆ. ‘ಕುಟ್ಟಿ’ ಅಂದರೆ ನಮ್ಮವರು ಗುದ್ದಿಯೇ ಬಿಡುತ್ತಾರೆ! ಸದ್ಯಕ್ಕೆ ‘ಜೋರಾಗಿ ಒತ್ತಿ, ಪೂರ್ತಿ ಬಿಡಿ’ ಅಂತ ಬರೆದಿದ್ದೇನೆ. ಎರಡೂ ಸೇರಿದ ಒಂದೇ ಪದ ನಿಮ್ಮ ಕಡೆ ಇದೆಯಾ?

ಇದರ ಜೊತೆಗೇ ಎಣಿಕೆಯ ಸಮಸ್ಯೆ. 30ರವರೆಗೆ ಗಟ್ಟಿಯಾಗಿ ಎಣಿಸುತ್ತಾ ಒತ್ತುವುದು ವಾಡಿಕೆ. ‘ಒಂದು, ಎರಡು, ಮೂರು’ ತಾಳಕ್ಕೆ ಸರಿಯಾಗಿ ಕೂರುತ್ತವೆ. ‘ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು’ ಅಂತ ಬಾಯಿ ತುಂಬ ಹೇಳುವಷ್ಟರಲ್ಲಿ ಕೈ ನಿಧಾನವಾಗುತ್ತದೆ. ಬೇಕಿದ್ದರೆ ದಿಂಬಿನ ಮೇಲೆ ಮಾಡಿ ನೋಡಿ. ಅದಕ್ಕೆ ಹತ್ತರವರೆಗೆ ಮೂರು ಸಲ ಎಣಿಸಿ ಅಂತ ಬರೆಯೋಣ ಅಂದುಕೊಂಡಿದ್ದೇನೆ.

‘ಕೃತಕ ಉಸಿರಾಟ’ದ ತಲೆನೋವು ಈ ಹಾಳೆಗಿಲ್ಲ. ನಮ್ಮ ದೇಶದ ಅರಿವಳಿಕೆ ತಜ್ಞರು ಸಾಮಾನ್ಯ ಜನರಿಗೆಂದು ರೂಪಿಸಿರುವ ‘ಕೋಲ್ಸ್’ ಕ್ರಮದಲ್ಲಿ ಬಾಯಿಗೆ ಬಾಯಿಟ್ಟು ಊದುವುದಿಲ್ಲ, ಬರೀ ಎದೆ ಒತ್ತುವುದು. ನೀರಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಉಸಿರು ಕೊಡುವುದೂ ಬೇಕು. ಅದನ್ನು ಬೇರೆ ತರಗತಿಯಲ್ಲಿ ಹೇಳಿಕೊಡುತ್ತಾರಂತೆ.

ನನಗೆ ಜಾಸ್ತಿ ಕಷ್ಟವಾಗಿರುವುದು ‘ಗ್ಯಾಸ್ಪಿಂಗ್’. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಬಾಯಿ ತೆರೆದು, ಬಿಟ್ಟು ಬಿಟ್ಟು ಉಸಿರೆಳೆದ ಹಾಗೆ ಮಾಡುತ್ತಾರೆ. ಗೊರಕೆಯಂಥ ಸದ್ದೂ ಬರಬಹುದು. ಅದು ಉಸಿರಾಟವಲ್ಲ, ಕೂಡಲೇ ಎದೆ ಒತ್ತಲು ಶುರು ಮಾಡಬೇಕು. ‘ಉಸಿರಾಡುತ್ತಿದ್ದಾರಾ ನೋಡಿ’ ಅಂತ ಮಾತ್ರ ಬರೆದರೆ ಜನ ಇದನ್ನು ನೋಡಿ ‘ಉಸಿರಿದೆ’ ಅಂದುಕೊಂಡು ಸುಮ್ಮನಾಗುತ್ತಾರೆ. ‘ಏದುಸಿರು’ ಅಂದರೆ ಓಡಿ ಬಂದವರ ಉಸಿರು, ಅದಾಗದು. ‘ಮೇಲುಸಿರು’ ಹತ್ತಿರದ ಪದ. ಆದರೆ ಹಳ್ಳಿಯಲ್ಲಿ ಮೇಲುಸಿರು ಅಂದ ತಕ್ಷಣ ಕಥೆ ಮುಗಿಯಿತು ಅಂತ ಬಾಯಿಗೆ ನೀರು ಬಿಡಲು ಹೊರಡುತ್ತಾರೆ. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಡಲೇಬಾರದು. ಆದರೂ ‘ಮೇಲುಸಿರು ಇದ್ದರೂ ಎದೆ ಒತ್ತಿ’ ಅಂತ ಬರೆಯುವುದೇ ಸರಿ ಅಂತ ನನಗನ್ನಿಸುತ್ತದೆ. ಗೊತ್ತಿರುವ ಪದ ಅಲ್ವಾ, ಕೂಡಲೇ ಗುರುತು ಹಿಡಿಯುತ್ತಾರೆ. ಒಪ್ಪದವರು ಕಾರಣ ಹೇಳಿ.

‘ಹೃದಯಾಘಾತ’ ಮತ್ತು ‘ಹೃದಯ ಸ್ತಂಭನ’ದ ಜಗಳ ಹಳೆಯದು. ಮೊದಲನೆಯದರಲ್ಲಿ ಗುಂಡಿಗೆಯ ರಕ್ತನಾಳ ಕಟ್ಟಿಕೊಂಡಿರುತ್ತದೆ, ಆದರೆ ಮನುಷ್ಯ ಎಚ್ಚರವಾಗಿದ್ದು ಮಾತಾಡುತ್ತಲೂ ಇರಬಹುದು. ಎರಡನೆಯದರಲ್ಲಿ ಗುಂಡಿಗೆ ರಕ್ತ ತಳ್ಳುವುದನ್ನೇ ನಿಲ್ಲಿಸಿರುತ್ತದೆ. ಸಿಪಿಆರ್ ಬೇಕಾಗುವುದು ಆಗ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಎರಡೂ ಪದ ಒಟ್ಟೊಟ್ಟಿಗೆ ಓಡಾಡಿದವು. ‘ಸ್ತಂಭನ’ ಬೇಡ, ‘ಹೃದಯ ನಿಂತಿದೆ’ ಅನ್ನೋಣ ಅಂದರೆ, ಕನ್ನಡದಲ್ಲಿ ಅದರರ್ಥ ಸತ್ತರು ಅಂತಲೇ. ಸತ್ತವರ ಎದೆ ಯಾಕೆ ಒತ್ತಬೇಕು ಅಂತ ಕೇಳುತ್ತಾರೆ. ಹಾಗಾಗಿ ಹೆಸರನ್ನೇ ಬಿಟ್ಟೆ. ‘ಭುಜ ತಟ್ಟಿ ಕೂಗಿದರೂ ಏಳುತ್ತಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ 108ಕ್ಕೆ ಫೋನ್ ಮಾಡಿಸಿ, ಎದೆ ಒತ್ತಲು ಶುರು ಮಾಡಿ’ ಅಂತ ಬರೆದಿದ್ದೇನೆ. ಗುಂಡಿಗೆಯ ಬಡಿತ ಸರಿಪಡಿಸಲು ಎದೆಗೆ ಶಾಕ್ ಕೊಡುವ ‘ಎಇಡಿ’ಗೆ ‘ಶಾಕ್ ಕೊಡುವ ಯಂತ್ರ’ ಸಾಕು.

ಇನ್ನೊಂದು, ‘ಚೋಕಿಂಗ್’. ಇಲ್ಲಿ ಕನ್ನಡ ನಮ್ಮ ಕೆಲಸ ಹಗುರ ಮಾಡಿದೆ. ‘ನೆತ್ತಿಗೆ ಹತ್ತಿತು’ ಅಂದರೆ ಕೆಮ್ಮು ಬರುತ್ತಿದೆ, ಕೆಮ್ಮಲು ಬಿಡಿ. ‘ಗಂಟಲಲ್ಲಿ ಸಿಕ್ಕಿಕೊಂಡಿತು’, ಮಾತೂ ಇಲ್ಲ, ಕೆಮ್ಮೂ ಇಲ್ಲ ಅಂದರೆ ಬೆನ್ನಿಗೆ, ಎರಡು ಹೆಗಲ ಮೂಳೆಗಳ ನಡುವೆ 5 ಏಟು. ಅದಕ್ಕೂ ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆಯುವುದು. ಈ ಎಳೆತಕ್ಕೆ ‘ಜಗ್ಗು’ ಅನ್ನಬಹುದಾ? ಧಾರವಾಡ, ಬೆಳಗಾವಿ ಕಡೆಯವರು ಹೇಳಬೇಕು. ಮಂಗಳೂರು, ಕುಂದಾಪುರದವರು ‘ಒತ್ತಿ ಬಿಡು’ವಿಗೆ ಏನಂತೀರಿ ಅನ್ನುವುದನ್ನೂ ಬರೆಯಿರಿ. ಹಾಳೆ ಮುಂದಿನ ವಾರ ಪ್ರಿಂಟಿಗೆ ಹೋಗಬೇಕು.