ಇಂಗ್ಲಿಷ್ ಸಾಹಿತ್ಯ ಚರಿತ್ರೆ: 'ಸಾಮಾಜಿಕ ಹಿನ್ನೆಲೆ'ಯನ್ನು ಕೃತಿಗೆ ಜೋಡಿಸುವುದು ಹೇಗೆ?

ಸಪ್ತಾಪುರ_ಎಂಎ (ಧಾರವಾಡ):
ಎಂ.ಎ. ಮೊದಲ ವರ್ಷದ ಸಾಹಿತ್ಯ ಚರಿತ್ರೆಗೆ ನೋಟ್ಸ್ ಮಾಡುತ್ತಿದ್ದೇನೆ. ಪ್ರತಿ ಯುಗಕ್ಕೂ ಮೊದಲು ಎರಡು ಪುಟ 'ಸಾಮಾಜಿಕ ಹಿನ್ನೆಲೆ', ಆಮೇಲೆ ಲೇಖಕರು, ಕೃತಿಗಳು. ಉತ್ತರ ಬರೆಯಲು ಕುಳಿತರೆ ಎರಡೂ ಎಣ್ಣೆ-ನೀರಿನ ಹಾಗೆ ಬೇರೆಯೇ ನಿಲ್ಲುತ್ತವೆ. 'ಡಿಕನ್ಸ್‌ನ ಹಾರ್ಡ್ ಟೈಮ್ಸ್‌ನಲ್ಲಿ ಕೈಗಾರಿಕಾ ಕ್ರಾಂತಿಯ ಪ್ರಭಾವ ಕಾಣುತ್ತದೆ' ಎಂದು ಬರೆದ ಮೇಲೆ ಮುಂದೇನು ಬರೆಯಬೇಕು ತೋಚುವುದಿಲ್ಲ. ಯಾವ ಇಸವಿಗಳು ಬೇಕು, ಯಾವುವು ಬೇಡ? ಪರೀಕ್ಷೆಗೆ ಹತ್ತು ವಾರ ಇದೆ.

ಹಳೆಪುಸ್ತಕ (ಹುಬ್ಬಳ್ಳಿ):
'ಹಿನ್ನೆಲೆ' ಅನ್ನುವ ಮಾತೇ ದಾರಿ ತಪ್ಪಿಸುತ್ತದೆ. ನಾಟಕದ ಹಿಂದಿನ ಪರದೆಯಂತೆ ತೂಗುಹಾಕಿ ಮರೆತುಬಿಡುತ್ತೇವೆ. ಆ ಎರಡು ಪುಟ ಬಿಡಿ. ಪ್ರತಿ ಕೃತಿಗೂ ಇಷ್ಟು ಕೇಳಿ: ದುಡ್ಡು ಕೊಟ್ಟವರು ಯಾರು, ಬೆಲೆ ಎಷ್ಟು, ಓದುಗರ ಕೈಗೆ ಹೇಗೆ ಬಂತು, ತಡೆಯುವ ಶಕ್ತಿ ಯಾರಿಗಿತ್ತು?

ವಿಕ್ಟೋರಿಯನ್ ಕಾದಂಬರಿಯನ್ನೇ ನೋಡಿ. ಮೂರು ಸಂಪುಟದ ಹೊಸ ಕಾದಂಬರಿಯ ಬೆಲೆ 31 ಶಿಲ್ಲಿಂಗ್ 6 ಪೆನ್ಸ್. 1850ರ ಹೊತ್ತಿಗೆ ಹೊಲದ ಕೂಲಿಯವನ ವಾರದ ಗಳಿಕೆ ಸುಮಾರು 10 ಶಿಲ್ಲಿಂಗ್. ಒಂದು ಕಾದಂಬರಿಗೆ ಮೂರು ವಾರದ ದುಡಿಮೆ! ಮಧ್ಯಮ ವರ್ಗದವರೂ ಕೊಳ್ಳುತ್ತಿದ್ದುದು ಕಡಿಮೆ. ಪುಸ್ತಕ ಎರವಲು ಕೊಡುವ ಮ್ಯೂಡಿಯ ಖಾಸಗಿ ಗ್ರಂಥಾಲಯಕ್ಕೆ ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲ್ಲಿಂಗ್ ಚಂದಾ ಕಟ್ಟಿ ಒಂದೊಂದೇ ಸಂಪುಟ ತರುತ್ತಿದ್ದರು. ಒಂದೇ ಕಾದಂಬರಿ ಏಕಕಾಲಕ್ಕೆ ಮೂರು ಮನೆಗೆ ಹೋಗುತ್ತದೆ, ಹಾಗಾಗಿ ಗ್ರಂಥಾಲಯಕ್ಕೆ ಮೂರು ಸಂಪುಟವೇ ಲಾಭ. ಕಥೆ ಎಳೆದಂತೆ ಅನಿಸುವ ಕಡೆ ಈ ಲೆಕ್ಕ ನೆನಪಿರಲಿ. ಮನೆಮಂದಿ ಓದುವಂತಿಲ್ಲ ಎನಿಸಿದ ಪುಸ್ತಕವನ್ನು ಮ್ಯೂಡಿ ತರಿಸುತ್ತಿರಲಿಲ್ಲ. 1894ರಲ್ಲಿ ಗ್ರಂಥಾಲಯಗಳು ಮೂರು ಸಂಪುಟಕ್ಕೆ ಹಳೆಯ ದರ ಕೊಡುವುದಿಲ್ಲ ಎಂದವು. ಕೆಲವೇ ವರ್ಷಗಳಲ್ಲಿ ಆ ರೂಪವೇ ಮುಗಿಯಿತು.

ವಾರಪತ್ರಿಕೆಯ ಸಂಪಾದಕರದೂ ಇದೇ ಭಯ. 1891ರಲ್ಲಿ ಹಾರ್ಡಿಯ ಟೆಸ್ ಕಾದಂಬರಿ 'ಗ್ರಾಫಿಕ್' ಪತ್ರಿಕೆಯಲ್ಲಿ ಬಂದಾಗ, ನೀರು ತುಂಬಿದ ದಾರಿಯಲ್ಲಿ ನಾಯಕ ಏಂಜೆಲ್ ಹಾಲು ಕರೆಯುವ ಹುಡುಗಿಯರನ್ನು ತೋಳಿನಲ್ಲಿ ಎತ್ತಿ ದಾಟಿಸುವ ಹಾಗಿರಲಿಲ್ಲ. ಕೈಗಾಡಿಯಲ್ಲಿ ಕೂರಿಸಿ ದಾಟಿಸಬೇಕಾಯಿತು. ಪುಸ್ತಕದಲ್ಲಿ ಹಾರ್ಡಿ ತೋಳನ್ನೇ ಮರಳಿ ತಂದ. ಉತ್ತರದಲ್ಲಿ ಆ ಎರಡು ರೂಪಗಳನ್ನು ಪಕ್ಕಪಕ್ಕ ಇಟ್ಟರೆ 'ವಿಕ್ಟೋರಿಯನ್ ನೈತಿಕತೆ' ಎಂಬ ಒಣ ಮಾತು ಬೇಕಾಗುವುದೇ ಇಲ್ಲ.

ಬೆಟಗೇರಿ_ಮಗ್ಗ (ಗದಗ):
ಹಾರ್ಡ್ ಟೈಮ್ಸ್ ಬಗ್ಗೆ ಹೇಳ್ತೀನ್ರಿ. 'ಪ್ರಭಾವ ಕಾಣುತ್ತದೆ' ಅಂತ ಬರದ್ರ ಉತ್ತರ ಅಲ್ಲೇ ನಿಂತಬಿಡತೈತಿ. ಆ ಕಾದಂಬರಿಯೊಳಗ ಹೊಗಿ ಐತಿ, ಬಣ್ಣದ ನೀರಿನ ಕಾಲುವಿ ಐತಿ, ಆದ್ರ ಗಿರಣಿ ಒಳಗ ನಡಿಯೋ ಕೆಲಸ ಭಾಳ ಕಡಿಮಿ. ಅಲ್ಲಿ ನಮಗ ಮೊದಲ ಕಾಣೋ ಕಾರ್ಖಾನಿ ಅಂದ್ರ ಸಾಲಿ!

ಎರಡನೇ ಅಧ್ಯಾಯ ತಗೀರಿ. ಸಾಲಿ ಹುಡುಗಿ ಸಿಸ್ಸಿಯ ಅಪ್ಪ ಸರ್ಕಸ್ಸಿನ್ಯಾಗ ಕುದುರಿ ಜೋಡಿ ದುಡಿಯಾವ. ಕುದುರಿ ನಡುವ ಬೆಳೆದ ಹುಡುಗಿಗೆ ಕುದುರಿ ಅಂದ್ರೇನು ಅಂತ ಹೇಳಾಕ ಬರೂದಿಲ್ಲ. ಅದೇ ಸಾಲಿಯ ಹುಡುಗ ಬಿಟ್ಜರ್ ಪಟಪಟ ಒಪ್ಪಸ್ತಾನ: ನಾಕ ಕಾಲು, ಹುಲ್ಲು ತಿನ್ನೂದು, 40 ಹಲ್ಲು, ಅದರಾಗ 24 ದವಡಿ ಹಲ್ಲು. ಅಲ್ಲಿಯ ಮಾಸ್ತರು ಸುಮಾರು 140 ಮಾಸ್ತರ ಜೋಡಿ ಒಂದ ಕಾರ್ಖಾನಿಯೊಳಗ ಪಿಯಾನೋ ಕಾಲಿನಂಗ ಕಡದ ತಗದಾಂವ ಅಂತ ಡಿಕನ್ಸ್ ಬರೀತಾನ. 1846ರಾಗ ಶುರುವಾದ ಸರಕಾರಿ ಶಿಕ್ಷಕ ತರಬೇತಿಯಿಂದ ಹೊರಗ ಬಂದ ಹೊಸ ಮಾಸ್ತರ ಮ್ಯಾಲಿನ ಮಾತು ಅದು. ನಿಮ್ಮ 'ಹಿನ್ನೆಲೆ' ಆ ಒಂದು ಉಪಮೆಯೊಳಗ ಕುಂತೈತಿ.

ಇನ್ನ ಮುಷ್ಕರ. 1853-54ರಾಗ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ನೇಕಾರರು, ನೂಲುವವರು 10 ಪರ್ಸೆಂಟ್ ಕೂಲಿ ಹೆಚ್ಚಿಗಿ ಕೇಳಿದ್ರು, ಮಾಲಕರು ಗಿರಣಿ ಮುಚ್ಚಿದ್ರು. ಡಿಕನ್ಸ್ 1854ರ ಜನವರಿಯೊಳಗ ಅಲ್ಲಿಗೆ ಹೋಗಿ ನೋಡಿ, ತನ್ನ ವಾರಪತ್ರಿಕಿ 'ಹೌಸ್‌ಹೋಲ್ಡ್ ವರ್ಡ್ಸ್'ದಾಗ ಕಾರ್ಮಿಕರ ಶಿಸ್ತು ಹೊಗಳಿ ಬರದ. ಕಾದಂಬರಿಗೆ ಬಂದ್ರ ಸಂಘದ ಮುಖಂಡ ಸ್ಲ್ಯಾಕ್‌ಬ್ರಿಜ್ ಬರೇ ಒದರಾಂವ. ಕಣ್ಣಾರೆ ನೋಡಿದ್ದು ಒಂದು, ಕಾದಂಬರಿಗೆ ಬಂದದ್ದು ಇನ್ನೊಂದು. ಯಾಕ ಅನ್ನೂದರ ಮ್ಯಾಲ ಉತ್ತರ ಕಟ್ರಿ. ಮತದಾನದ ಹಕ್ಕು ಕೇಳಿದ ಕಾರ್ಮಿಕರ 1848ರ ಚಾರ್ಟಿಸ್ಟ್ ಚಳವಳಿಯ ಅಂಜಿಕಿ ಮಧ್ಯಮ ವರ್ಗದೊಳಗ ಇನ್ನೂ ಹಸಿ ಇತ್ತು ಅನ್ನೂದು ಒಂದು ಎಳಿ. ಕೃತಿ ಕನ್ನಡಿ ಅಲ್ಲ ಅನ್ನೂದು ಇಲ್ಲಿ ತಿಳಿದಷ್ಟು ಸ್ಪಷ್ಟ ಬ್ಯಾರೆ ಕಡಿ ತಿಳಿಯೂದಿಲ್ಲ ಅಂತ ನನ್ನ ಅನಿಸಿಕಿ.

ಒಂದು ಎಚ್ಚರಿಕಿ. ನಮ್ಮ ಭಾಗದ 'ಧಾರವಾಡ-ಅಮೆರಿಕನ್' ಹತ್ತಿ ಇಂಗ್ಲೆಂಡಿನ ಗಿರಣಿ ಸೀಮೆ ಲ್ಯಾಂಕಾಶೈರಿಗೆ ಹೋಗಿದ್ದನ್ನ ಹಲವರು ಈ ಕಾದಂಬರಿಗೆ ಅಂಟಸ್ತಾರ. ಆ ಹತ್ತಿಗೆ ಚಿನ್ನದ ಬೆಲಿ ಬಂದದ್ದು ಅಮೆರಿಕದ ಅಂತರ್ಯುದ್ಧದಾಗ, 1861ರಿಂದ 65ರ ತನಕ. ಕಾದಂಬರಿ 1854ರದು. ಸಂಬಂಧ ಖರೇನ, ಆದ್ರ ಏಳು ವರ್ಷ ತಡ.

ವರದಾ_ತೀರ (ಹಾವೇರಿ):
ಇಸವಿಗಳ ವಿಷಯ. ರಾಜರ ಪಟ್ಟಾಭಿಷೇಕ, ಯುದ್ಧಗಳನ್ನು ಹೆಚ್ಚುಕಡಿಮೆ ಪೂರ್ತಿ ಬಿಡಬಹುದು. ಓದು-ಬರಹದ ವ್ಯವಸ್ಥೆಯನ್ನೇ ಬದಲಿಸಿದವು ಸಾಕು: 1476 ಕ್ಯಾಕ್ಸ್‌ಟನ್ನನ ಮುದ್ರಣಾಲಯ, 1642 ರಂಗಮಂದಿರಗಳಿಗೆ ಬೀಗ, 1660 ಮತ್ತೆ ತೆರೆದದ್ದು, 1695 ಮುದ್ರಣ ಪರವಾನಗಿ ಕಾಯ್ದೆ ಮುಗಿದದ್ದು, 1710 ಕೃತಿಸ್ವಾಮ್ಯ ಕಾಯ್ದೆ, 1737 ನಾಟಕ ಪರವಾನಗಿ ಕಾಯ್ದೆ, 1861 ಕಾಗದದ ಸುಂಕ ರದ್ದು, 1870 ಶಿಕ್ಷಣ ಕಾಯ್ದೆ.

ಇವುಗಳಲ್ಲಿ 1737ನ್ನು ಚೆನ್ನಾಗಿ ಅರಗಿಸಿಕೊಳ್ಳಿ. ಸರ್ಕಾರವನ್ನು ಲೇವಡಿ ಮಾಡುವ ನಾಟಕಗಳಿಗೆ ಕಡಿವಾಣ ಬಿತ್ತು, ಫೀಲ್ಡಿಂಗ್‌ನ ರಂಗಭೂಮಿಯ ದಾರಿ ಮುಚ್ಚಿತು. ಆತ ಕಾನೂನು ಓದಿದ, ಕಾದಂಬರಿಗೆ ಹೊರಳಿದ: 1742ರಲ್ಲಿ ಜೋಸೆಫ್ ಆಂಡ್ರೂಸ್, 1749ರಲ್ಲಿ ಟಾಮ್ ಜೋನ್ಸ್. ಅವುಗಳ ಸಂಭಾಷಣೆಯಲ್ಲಿ, ಬಾಗಿಲ ಮರೆಯಲ್ಲಿ ಅಡಗುವ ದೃಶ್ಯಗಳಲ್ಲಿ ನಾಟಕಕಾರನ ಕೈ ಗುರುತಿಸಿ. ಆದರೆ 'ಕಾಯ್ದೆಯಿಂದ ಕಾದಂಬರಿ ಹುಟ್ಟಿತು' ಎಂದು ಬರೆಯಬೇಡಿ. ರಿಚರ್ಡ್‌ಸನ್ 1740ರಲ್ಲಿ ಪಮೇಲಾ ತಂದದ್ದು ಮುದ್ರಕನಾಗಿ, ಪತ್ರ ಬರೆಯುವುದನ್ನು ಕಲಿಸುವ ಕೈಪಿಡಿಯ ಕೆಲಸದ ನಡುವೆ.

ಬರೆದ ವರ್ಷ ಬೇರೆ, ಅಚ್ಚಾದ ವರ್ಷ ಬೇರೆ ಎಂಬುದೂ ನೋಟ್ಸ್‌ನಲ್ಲಿ ಇರಬೇಕು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನಲ್ಲಿ ಸುಧಾರಣೆ ಕೇಳಿ ಸೇರಿದ್ದ ಜನರ ಮೇಲೆ ಕುದುರೆಪಡೆ ನುಗ್ಗಿದ ಪೀಟರ್‌ಲೂ ಹತ್ಯಾಕಾಂಡ. ಇಟಲಿಯಲ್ಲಿದ್ದ ಶೆಲ್ಲಿ ಸುದ್ದಿ ತಿಳಿದೊಡನೆ ಮಾಸ್ಕ್ ಆಫ್ ಅನಾರ್ಕಿ ಬರೆದ. ಮೊಕದ್ದಮೆಯ ಭಯಕ್ಕೆ ಅದು ಅಚ್ಚಾದದ್ದು 1832ರಲ್ಲಿ, ಅವನು ತೀರಿ ಹತ್ತು ವರ್ಷದ ಮೇಲೆ. '1819ರ ಜನರನ್ನು ಬಡಿದೆಬ್ಬಿಸಿದ ಕವಿತೆ' ಎಂದರೆ ತಪ್ಪು, ಆಗ ಅದಕ್ಕೆ ಓದುಗರೇ ಇರಲಿಲ್ಲ.

ಹತ್ತು ವಾರಕ್ಕೆ ಎಂಟು ಕೃತಿ, ವಾರಕ್ಕೊಂದು. ಪ್ರತಿಯೊಂದಕ್ಕೂ ಒಂದೇ ಹಾಳೆ, ಅದರಲ್ಲಿ ಕೃತಿಯಿಂದಲೇ ಎತ್ತಿದ ಎರಡು ಜಾಗ ಕಡ್ಡಾಯ. ಕೊನೆಯ ಎರಡು ವಾರ ಗಡಿಯಾರ ಇಟ್ಟುಕೊಂಡು ಬರೆಯಲಿಕ್ಕೆ.

ಸಪ್ತಾಪುರ_ಎಂಎ:
ತುಂಬಾ ಉಪಕಾರವಾಯಿತು. ಹೌಸ್‌ಹೋಲ್ಡ್ ವರ್ಡ್ಸ್‌ನ ಹಳೆಯ ಸಂಚಿಕೆಗಳು ನೋಡಲು ಸಿಗುತ್ತವೆಯೇ?

ಬೆಟಗೇರಿ_ಮಗ್ಗ:
'ಡಿಕನ್ಸ್ ಜರ್ನಲ್ಸ್ ಆನ್‌ಲೈನ್' ಅನ್ನೋ ತಾಣದಾಗ ಪುಕ್ಕಟೆ ಸಿಗ್ತಾವ. ಪುಟದ ಚಿತ್ರನ ತಗೀರಿ, ಬರೇ ಪಠ್ಯ ಬ್ಯಾಡ. 1854ರ ಏಪ್ರಿಲ್ 22ರ ಸಂಚಿಕಿ ನೋಡ್ರಿ: ಕಾದಂಬರಿಯ ಕಂತೂ ಐತಿ, ಸುತ್ತ ರಕ್ಷಣಾ ಕವಚ ಇಲ್ಲದ ಮಷಿನ್ನಿಗೆ ಸಿಕ್ಕು ಕೈಕಾಲು ಕಳಕೊಂಡ ಕಾರ್ಮಿಕರ ಬಗ್ಗೆ ಹೆನ್ರಿ ಮಾರ್ಲಿಯ ಲೇಖನಾನೂ ಐತಿ. ಗಿರಣಿ ಒಳಗಿನ ಕಥಿ ಕಾದಂಬರಿಯಾಗ ಯಾಕ ಕಡಿಮಿ ಅಂತ ವಿಚಾರ ಮಾಡಾಕ ಇದು ಭಾಳ ಉಪಯೋಗ. ಇನ್ನೊಂದು, ಬಿತ್ತನಿ, ಕೊಯ್ಲು, ರಾಶಿ ಅನ್ನೋ ಮೂರು ಭಾಗದ ಹೆಸರು ವಾರದ ಕಂತಿನ್ಯಾಗ ಇರಲಿಲ್ಲ, ಪುಸ್ತಕ ಆದಾಗ ಸೇರಿದ್ದು. ವಾರದ ಓದುಗರ ಬಗ್ಗೆ ಬರೀವಾಗ ಅವನ್ನ ತರಬ್ಯಾಡ್ರಿ.