ಒಂಬತ್ತನೇ ತರಗತಿಗೆ ಅಣಕು ನ್ಯಾಯಾಲಯ: ಯಾವ ಪ್ರಕರಣ ಕೊಡಲಿ?

ಶಿಕ್ಷಕಿ, ಹಾವೇರಿ ಜಿಲ್ಲೆ:
ನಮ್ಮ ಮಕ್ಕಳಿಗೆ ವಕೀಲರೆಂದರೆ ಸಿನಿಮಾದಲ್ಲಿ ಮೇಜು ಕುಟ್ಟಿ ಕೂಗುವವರು. ಕಳೆದ ವರ್ಷ ಕೊಲೆ ಪ್ರಕರಣ ಆಡಿಸಿದೆ. ಎಲ್ಲರೂ ಭಾಷಣ ಮಾಡಿದರು, ಸಾಕ್ಷಿಯನ್ನು ಒಬ್ಬರೂ ಪ್ರಶ್ನಿಸಲಿಲ್ಲ. ಬಹಳ ಬೇಸರವಾಯಿತು. ಈ ಸಲ ಏನು ಮಾಡಲಿ?

ವಕೀಲ, ಧಾರವಾಡ:
ಕೊಲೆ ಬೇಡ ಮೇಡಂ, ಸೈಕಲ್ ಕಳವು ಸಾಕು. ರಾತ್ರಿ ಎಂಟಕ್ಕೆ ಕೆಂಪು ಅಂಗಿಯವನನ್ನು ಕಂಡೆ ಎಂದು ಸಾಕ್ಷಿ ಹೇಳಲಿ. ಅಂದು ಬೀದಿದೀಪ ಕೆಟ್ಟಿತ್ತು ಎಂಬ ಚೀಟಿ ಆರೋಪಿಯ ವಕೀಲರ ಕೈಯಲ್ಲಿರಲಿ. ಮುಖ್ಯ ವಿಚಾರಣೆಯಲ್ಲಿ, ಅಂದರೆ ಸಾಕ್ಷಿಯನ್ನು ಕರೆಸಿದ ಪಕ್ಷದ ವಕೀಲರೇ ಪ್ರಶ್ನಿಸುವಾಗ, ‘ಏನು ಕಂಡಿರಿ?’ ಎಂದೇ ಕೇಳಬೇಕು, ಉತ್ತರವನ್ನು ಸಾಕ್ಷಿಯ ಬಾಯಿಗೆ ತುರುಕುವಂತಿಲ್ಲ. ಎದುರು ಪಕ್ಷದ ವಕೀಲರು ಪ್ರಶ್ನಿಸುವ ಪಾಟೀ ಸವಾಲಿನಲ್ಲಿ ಮಾತ್ರ ‘ಆಗ ಕತ್ತಲಿತ್ತು, ಅಲ್ಲವೇ?’ ಎನ್ನಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ ಈ ನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ನ್ಯಾಯಾಲಯದ ಕಚೇರಿ ಕೆಲಸ ನೋಡಿಕೊಳ್ಳುವ ಶಿರಸ್ತೇದಾರ, ಹೇಳಿಕೆ ಟೈಪ್ ಮಾಡುವ ಬೆರಳಚ್ಚುಗಾರರ ಪಾತ್ರಗಳನ್ನೂ ಇಡಿ. ಅವರಿಲ್ಲದೆ ನ್ಯಾಯಾಲಯ ನಡೆಯುವುದಿಲ್ಲ.

ಕಾನೂನು ವಿದ್ಯಾರ್ಥಿನಿ, ಹುಬ್ಬಳ್ಳಿ:
ಶಾಲೆಯಲ್ಲಿ ನಾನೂ ಕಟಕಟೆ ಹತ್ತಿದ್ದೆ. ಎರಡು ಬೆಂಚು ಜೋಡಿಸಿದ ಕಟಕಟೆ ಅದು. ‘ನೆನಪಿಲ್ಲ’ ಎನ್ನುವಾಗ ಗಂಟಲು ಒಣಗಿತ್ತು. ಪಿಯುಸಿಯಲ್ಲಿ ಕಲಾ, ವಾಣಿಜ್ಯ, ವಿಜ್ಞಾನ ಯಾವುದೇ ಓದಿದ್ದರೂ ಐದು ವರ್ಷಗಳ ಕಾನೂನು ಪದವಿಗೆ ಸೇರಬಹುದೆಂದು ಮಕ್ಕಳಿಗೆ ದಯವಿಟ್ಟು ಹೇಳಿ. ನನಗೆ ಯಾರೂ ಹೇಳಿರಲಿಲ್ಲ.

ಶಿಕ್ಷಕಿ:
ಚೀಟಿ ಇಂದೇ ಬರೆಯುತ್ತೇನೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳಿದ್ದಾಳೆ. ಪಾಟೀ ಸವಾಲು ಅವಳಿಗೇ.