ಜೆಸ್ಸಿ ಓವೆನ್ಸ್ ಅವರ ಕೈಯನ್ನು ಹಿಟ್ಲರ್ ಕುಲುಕಲಿಲ್ಲ ಎಂಬ ಕಥೆ ಎಷ್ಟು ನಿಜ?

ಪ್ರಶ್ನೆ – ಕ್ರೀಡಾಸಕ್ತ
1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಕಪ್ಪು ಓಟಗಾರ ಜೆಸ್ಸಿ ಓವೆನ್ಸ್ ನಾಲ್ಕು ಚಿನ್ನದ ಪದಕ ಗೆದ್ದಾಗ, ಹಿಟ್ಲರ್ ಅವರ ಕೈಕುಲುಕಲು ಒಪ್ಪದೆ ಕ್ರೀಡಾಂಗಣದಿಂದ ಎದ್ದು ಹೋದನೆಂಬ ಮಾತು ಭಾಷಣಗಳಲ್ಲಿಯೂ ಅಂಕಣಗಳಲ್ಲಿಯೂ ಪದೇ ಪದೇ ಬರುತ್ತದೆ. ಇದು ನಿಜವೇ? ಆ ಗೆಲುವಿನಿಂದ ಆರ್ಯ ಶ್ರೇಷ್ಠತೆಯ ವಾದಕ್ಕೆ ನಿಜಕ್ಕೂ ಪೆಟ್ಟು ಬಿದ್ದಿತೇ? ಅವರ ಸ್ವಂತ ದೇಶ ಅವರನ್ನು ಯಾವಾಗ ಗೌರವಿಸಿತು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ – ಇತಿಹಾಸದ ಓದುಗ
ಕಥೆಗೆ ಒಂದು ಬೇರು ಇದೆ, ಆದರೆ ಅದು ಓವೆನ್ಸ್ ಅವರದಲ್ಲ. ಸ್ಪರ್ಧೆಗಳ ಮೊದಲ ದಿನವಾದ ಆಗಸ್ಟ್ 2ರಂದು ಹಿಟ್ಲರ್ ಜರ್ಮನಿ ಮತ್ತು ಫಿನ್ಲೆಂಡಿನ ವಿಜೇತರನ್ನು ತನ್ನ ಆಸನದ ಬಳಿಗೆ ಕರೆಸಿ ಅಭಿನಂದಿಸಿದ. ಅದೇ ಸಂಜೆ ಎತ್ತರ ಜಿಗಿತದಲ್ಲಿ ಅಮೆರಿಕದ ಕಪ್ಪು ಕ್ರೀಡಾಪಟು ಕಾರ್ನೀಲಿಯಸ್ ಜಾನ್ಸನ್ ಚಿನ್ನ ಗೆದ್ದರು. ಅವರಿಗೆ ಪದಕ ನೀಡುವ ಮೊದಲೇ ಹಿಟ್ಲರ್ ಹೊರಟುಹೋದ. ಅಭಿನಂದಿಸುವುದಾದರೆ ಎಲ್ಲರನ್ನೂ ಅಭಿನಂದಿಸಬೇಕು, ಇಲ್ಲವಾದರೆ ಯಾರನ್ನೂ ಕರೆಸಬಾರದು ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ ಬೈಯೆ-ಲಾತೂರ್ ತಿಳಿಸಿದ ಮೇಲೆ ಆ ಸಾರ್ವಜನಿಕ ಅಭಿನಂದನೆಯೇ ನಿಂತಿತು. ಓವೆನ್ಸ್ ಮೊದಲ ಚಿನ್ನ ಗೆದ್ದದ್ದು ಮರುದಿನ. ತಮ್ಮನ್ನು ಕಡೆಗಣಿಸಿದ್ದು ಹಿಟ್ಲರ್ ಅಲ್ಲ, ಒಂದು ಟೆಲಿಗ್ರಾಮನ್ನೂ ಕಳುಹಿಸದ ತಮ್ಮದೇ ಅಧ್ಯಕ್ಷ ರೂಸ್ವೆಲ್ಟ್ ಎಂದು ಅವರು ತಾಯ್ನಾಡಿಗೆ ಮರಳಿದ ಮೇಲೆ ಬಹಿರಂಗವಾಗಿಯೇ ಹೇಳಿದರು. ಕೈಕುಲುಕದ ಕಥೆ ಇಷ್ಟು ಜನಪ್ರಿಯವಾಗಲು, ತಪ್ಪೆಲ್ಲವನ್ನೂ ಬರ್ಲಿನ್ನಿನಲ್ಲಿಯೇ ಬಿಟ್ಟುಬರುವ ಅನುಕೂಲ ಅದರಲ್ಲಿರುವುದೇ ಕಾರಣವೆಂದು ನನ್ನ ಅಭಿಪ್ರಾಯ.

ಉತ್ತರ – ಹಳೆಯ ಓಟಗಾರ
100 ಮೀಟರ್ ಓಟವನ್ನು 10.3 ಸೆಕೆಂಡಿನಲ್ಲಿ, 200 ಮೀಟರನ್ನು 20.7 ಸೆಕೆಂಡಿನಲ್ಲಿ ಮುಗಿಸಿ, ಉದ್ದ ಜಿಗಿತದಲ್ಲಿ 8.06 ಮೀಟರ್ ದಾಟಿ, 4×100 ರಿಲೇಯಲ್ಲಿ 39.8 ಸೆಕೆಂಡಿನ ವಿಶ್ವದಾಖಲೆಯಲ್ಲಿ ಪಾಲು ಪಡೆದದ್ದು ಅವರ ಸಾಧನೆ. ಆದರೆ ವಾದ ಕುಸಿಯಿತೆನ್ನುವುದು ಅತ್ಯುತ್ಸಾಹದ ಮಾತು. ಒಟ್ಟು ಪದಕಗಳಲ್ಲಿ ಜರ್ಮನಿಯೇ ಮೊದಲ ಸ್ಥಾನದಲ್ಲಿದ್ದುದರಿಂದ ನಾಜಿ ಪ್ರಚಾರಕ್ಕೆ ಬೇಕಾದಷ್ಟು ಸರಕು ದೊರಕಿತ್ತು. ಕಾಡಿನಿಂದ ಬಂದ ಪೂರ್ವಜರ ದೈಹಿಕ ಬಲವೇ ಇಂಥ ಗೆಲುವಿಗೆ ಕಾರಣ, ಮುಂದೆ ಅಂಥವರನ್ನು ಸ್ಪರ್ಧೆಯಿಂದ ಹೊರಗಿಡಬೇಕು ಎಂಬರ್ಥದಲ್ಲಿ ಹಿಟ್ಲರ್ ಮಾತನಾಡಿದ್ದನೆಂದು ಅವನ ವಾಸ್ತುಶಿಲ್ಪಿ ಆಲ್ಬರ್ಟ್ ಸ್ಪೀರ್ ಬರೆದಿದ್ದಾರೆ. ಜನಾಂಗದ್ವೇಷಕ್ಕೆ ಸೋಲನ್ನೂ ತನಗೆ ಬೇಕಾದಂತೆ ವಿವರಿಸಿಕೊಳ್ಳುವ ಚಾತುರ್ಯವಿದೆ.

ಅಮೆರಿಕದ ತಂಡವೂ ಈ ವಿಷಯದಲ್ಲಿ ನಿಷ್ಕಳಂಕವಾಗಿರಲಿಲ್ಲ. ರಿಲೇಗೆ ಅಭ್ಯಾಸ ಮಾಡಿದ್ದ ಮಾರ್ಟಿ ಗ್ಲಿಕ್ಮನ್ ಮತ್ತು ಸ್ಯಾಮ್ ಸ್ಟೋಲರ್ ಎಂಬ ಯಹೂದಿ ಓಟಗಾರರಿಬ್ಬರನ್ನೂ ಕೊನೆಯ ಗಳಿಗೆಯಲ್ಲಿ ಕೈಬಿಟ್ಟು ಓವೆನ್ಸ್ ಮತ್ತು ರಾಲ್ಫ್ ಮೆಟ್ಕಾಫ್ ಅವರನ್ನು ಸೇರಿಸಲಾಯಿತು. ಜರ್ಮನಿ ವೇಗದ ಓಟಗಾರರನ್ನು ಬಚ್ಚಿಟ್ಟಿದೆ ಎಂಬುದು ತರಬೇತುದಾರರು ಕೊಟ್ಟ ಕಾರಣ. ಆ ಜರ್ಮನಿ ಬಂದದ್ದು ಮೂರನೆಯದಾಗಿ!

ಪ್ರಶ್ನೆ – ಕ್ರೀಡಾಸಕ್ತ
ಧನ್ಯವಾದಗಳು. ಉದ್ದ ಜಿಗಿತದಲ್ಲಿ ಓವೆನ್ಸ್ ಅವರ ಎದುರಾಳಿಯಾಗಿದ್ದ ಜರ್ಮನಿಯ ಲುಟ್ಸ್ ಲಾಂಗ್ ಅವರೊಂದಿಗಿನ ಸ್ನೇಹದ ಕಥೆಯೂ ಹೀಗೆಯೇ ಬೆಳೆದದ್ದೇ?

ಉತ್ತರ – ಗ್ರಂಥಾಲಯದ ಮೂಲೆ
ಅರ್ಹತಾ ಸುತ್ತಿನಲ್ಲಿ ಲಾಂಗ್ ಕೊಟ್ಟ ಸಲಹೆಯಿಂದ ತಾವು ಉಳಿದುಕೊಂಡೆವೆಂದು ಓವೆನ್ಸ್ ಮುಂದೆ ಹೇಳುತ್ತಿದ್ದ ಪ್ರಸಂಗವನ್ನು ಅನೇಕ ಇತಿಹಾಸಕಾರರು ಅನುಮಾನದಿಂದಲೇ ನೋಡುತ್ತಾರೆ. ಫೈನಲ್ ಮುಗಿದ ಮೇಲೆ ಬೆಳ್ಳಿ ಗೆದ್ದ ಲಾಂಗ್ ಎಲ್ಲರ ಎದುರಿನಲ್ಲಿಯೇ ಅವರನ್ನು ಅಭಿನಂದಿಸಿ ಜೊತೆಗೆ ನಡೆದದ್ದರಲ್ಲಿ ಅನುಮಾನವಿಲ್ಲ. 1943ರಲ್ಲಿ ಲಾಂಗ್ ಸಿಸಿಲಿಯ ಯುದ್ಧದಲ್ಲಿ ಮಡಿದರು.

ಗೌರವಗಳ ಬಗ್ಗೆ: ನ್ಯೂಯಾರ್ಕಿನಲ್ಲಿ ಮೆರವಣಿಗೆ ನಡೆದ ಬಳಿಕ, ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ತಮಗಾಗಿಯೇ ಏರ್ಪಡಿಸಿದ್ದ ಸತ್ಕಾರಕ್ಕೆ ಅವರು ಸರಕು ಸಾಗಿಸುವ ಲಿಫ್ಟಿನಲ್ಲಿ ಹೋಗಬೇಕಾಯಿತು. ಹವ್ಯಾಸಿ ಕ್ರೀಡಾ ಸಂಘವು ಅಮಾನತುಗೊಳಿಸಿದ್ದರಿಂದ ಓಟದ ಬದುಕೂ ಮುಗಿಯಿತು. ಹೊಟ್ಟೆಪಾಡಿಗಾಗಿ ಕುದುರೆಗಳೊಡನೆ ಓಡಿದರು. 1955ರಲ್ಲಿ ಐಸೆನ್‌ಹೋವರ್ ಸರ್ಕಾರ ಅವರನ್ನು ಸದ್ಭಾವನಾ ರಾಯಭಾರಿಯಾಗಿ ಏಷ್ಯಾಕ್ಕೆ ಕಳುಹಿಸಿದಾಗ ಅವರು ಭಾರತಕ್ಕೂ ಬಂದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ, ಅವರು ಹುಟ್ಟಿದ ಅಲಬಾಮಾ ರಾಜ್ಯದಲ್ಲಿಯೇ, ಬಸ್ಸಿನಲ್ಲಿ ತಮ್ಮ ಸೀಟನ್ನು ಬಿಳಿಯರಿಗೆ ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನಕ್ಕೊಳಗಾದರು. ಆ ದೇಶದ ಪ್ರತಿಷ್ಠೆಯನ್ನು ಹೊತ್ತು ತಿರುಗುವುದು ಓವೆನ್ಸ್ ಅವರಿಗೆ ಎಷ್ಟು ಭಾರವಾಗಿತ್ತೋ ಊಹಿಸಬಹುದು.

ಅಧ್ಯಕ್ಷ ಫೋರ್ಡ್ 1976ರಲ್ಲಿ, ಅಂದರೆ ಬರ್ಲಿನ್ನಿನ 40 ವರ್ಷಗಳ ಬಳಿಕ, ಅವರಿಗೆ ಸ್ವಾತಂತ್ರ್ಯ ಪದಕ ನೀಡಿದರು. 1980ರಲ್ಲಿ ಓವೆನ್ಸ್ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. 1984ರಲ್ಲಿ ಬರ್ಲಿನ್ ಕ್ರೀಡಾಂಗಣದ ಬಳಿಯ ರಸ್ತೆಗೆ ಅವರ ಹೆಸರಿಡಲಾಯಿತು. 1990ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಚಿನ್ನದ ಪದಕವನ್ನು ಪತ್ನಿ ರೂತ್ ಸ್ವೀಕರಿಸಿದರು. ಜಾನ್ಸನ್ ಅವರೂ ಸೇರಿದಂತೆ 1936ರ ತಂಡದಲ್ಲಿದ್ದ 18 ಕಪ್ಪು ಕ್ರೀಡಾಪಟುಗಳ ಬಂಧುಗಳಿಗೆ ಶ್ವೇತಭವನದ ಆಹ್ವಾನ ಬಂದದ್ದು 2016ರಲ್ಲಿ, ಒಬಾಮ ಅಧ್ಯಕ್ಷರಾಗಿದ್ದಾಗ.